ಬಳ್ಳಾರಿಯ ಕೆಂಧೂಳಿಗೆ ಹಗುರ ಫ್ಲೈವೀಲ್

ಎಂಜಿನ್ನಿನ ಬೆನ್ನಿಗೆ ಕೂತು ಅದರ ಜೊತೆಗೇ ತಿರುಗುವ ಭಾರದ ಲೋಹದ ಬಿಲ್ಲೆಯೇ ಫ್ಲೈವೀಲ್. ಹಗುರವಾದದ್ದನ್ನು ಹಾಕಿದರೆ ಎಂಜಿನ್ನಿನ ಶಕ್ತಿ ಹೆಚ್ಚುತ್ತದೆ ಎಂದು ನಮ್ಮೂರಿನ ಗ್ಯಾರೇಜುಗಳಲ್ಲಿ ಇಂದಿಗೂ ಹೇಳುವವರಿದ್ದಾರೆ. ಹೆಚ್ಚುವುದಿಲ್ಲ. ಫ್ಲೈವೀಲಿನ ವೇಗ ಏರಿಸುವುದಕ್ಕೇ ಖರ್ಚಾಗುತ್ತಿದ್ದ ಶಕ್ತಿಯಲ್ಲಿ ಒಂದು ಪಾಲು ಚಕ್ರಕ್ಕೆ ಉಳಿಯುತ್ತದೆ, ಅದೂ ಕಾರು ವೇಗ ಪಡೆಯುತ್ತಿರುವಾಗ ಮಾತ್ರ.

ನನ್ನದು 1.3 ಲೀಟರಿನ ಹಳೆಯ ಮಾರುತಿ ಎಸ್ಟೀಮ್, ಮಣ್ಣಿನ ಟ್ರ್ಯಾಕಿಗೆಂದೇ ಸಿದ್ಧಪಡಿಸಿದ ಕಾರು. ಕೆಲಸಕ್ಕೆ ಕೈ ಹಾಕುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದೆ. ಫ್ಲೈವೀಲಿನ ಅಂಚಿನಿಂದ, ಅಂದರೆ ನಡುವಿನಿಂದ ಸುಮಾರು 12 ಸೆಂ.ಮೀ. ದೂರದಲ್ಲಿ, ಎರಡೂವರೆ ಕೆ.ಜಿ. ಕಡಿಮೆಯಾದರೆ ಏನು ಲಾಭ? ಮೊದಲ ಗೇರಿನಲ್ಲಿ ಎಂಜಿನ್ನಿನಿಂದ ಚಕ್ರಕ್ಕೆ ಒಟ್ಟು ಅನುಪಾತ 14ರ ಆಸುಪಾಸು. ಲೆಕ್ಕದಲ್ಲಿ ಈ ಅನುಪಾತ ತನ್ನಿಂದಲೇ ಗುಣಿಸಿಕೊಂಡು, ಅಂದರೆ 14 × 14 ಆಗಿ ಬರುತ್ತದೆ. ಹಾಗಾಗಿ ಮೊದಲ ಗೇರಿನಲ್ಲಿ ಕಾರಿನಿಂದ 90 ಕೆ.ಜಿ. ಇಳಿಸಿದಷ್ಟು ಪರಿಣಾಮ. ಐದನೆಯ ಗೇರಿಗೆ ಬಂದರೆ ಅದೇ ಎರಡೂವರೆ ಕೆ.ಜಿ.ಯ ಬೆಲೆ ನಾಲ್ಕೂವರೆ ಕೆ.ಜಿ. ದಾಟುವುದಿಲ್ಲ. ಹೊಸಪೇಟೆ ಹೆದ್ದಾರಿಯಲ್ಲಿ ಓಡುವವನಿಗೆ ಇದು ದುಡ್ಡು ದಂಡ. ಮೂರನೆಯ ಗೇರು ಕಾಣುವುದೇ ಅಪರೂಪವಾದ ಆಟೋಕ್ರಾಸ್ (ಗಡಿಯಾರದ ಎದುರು ಓಡುವ ಮಣ್ಣಿನ ಕಿರು ಓಟ) ಟ್ರ್ಯಾಕಿನಲ್ಲಿ ಮಾತ್ರ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಗಣಿ ಯಂತ್ರಗಳ ಕೆಲಸದಲ್ಲಿ ಪಳಗಿದ ಲೇತ್ ಕೈಗಳು ಬಳ್ಳಾರಿಯಲ್ಲಿ ಬೇಕಾದಷ್ಟಿವೆ. ಕಂಪನಿಯ ಫ್ಲೈವೀಲನ್ನೇ ಕೆತ್ತಿ ಹಗುರ ಮಾಡಿಕೊಡುತ್ತೇನೆ ಎಂದು ಒಬ್ಬರು ಮುಂದೆ ಬಂದರು. ಕೈಚಳಕದಲ್ಲಿ ಸಂಶಯವಿರಲಿಲ್ಲ, ಲೋಹದ ಮೇಲೆ ನಂಬಿಕೆ ಇರಲಿಲ್ಲ. ಅದು ಎರಕದ ಕಬ್ಬಿಣ. ಒತ್ತಿದರೆ ತಡೆಯುತ್ತದೆ, ಎಳೆದರೆ ಸೀಳುತ್ತದೆ. ಎಂಜಿನ್ ನಿಮಿಷಕ್ಕೆ 7,000 ಸುತ್ತು ತಿರುಗುವಾಗ ಫ್ಲೈವೀಲಿನ ಅಂಚು ಗಂಟೆಗೆ 300 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿರುತ್ತದೆ. ಬಿರುಕು ಬಿಟ್ಟರೆ ಅದರ ಹೊರಗಿನ ಕವಚವಾದ ಬೆಲ್ ಹೌಸಿಂಗಿನ ಅಲ್ಯೂಮಿನಿಯಂ ಅದನ್ನು ಹಿಡಿದಿಡಲಾರದು. ಹೀಗಾಗಿ ಬಡಿದು ರೂಪಿಸಿದ ಉಕ್ಕಿನ ದಿಂಡನ್ನು ತರಿಸಿ ಹೊಸದನ್ನೇ ಕಡೆಸಿದೆ. ದುಬಾರಿಯಾಯಿತು ನಿಜ, ಆದರೆ ಕೈಕಾಲಿನ ಬೆಲೆಗಿಂತ ಅಗ್ಗ.

ಹಲ್ಲಿನ ಬಳೆ, ಅಂದರೆ ರಿಂಗ್ ಗೇರ್, ಹಳೆಯದನ್ನೇ ಉಳಿಸಿಕೊಂಡೆ. ಅದನ್ನು ಕಾಯಿಸಿ ಹಿಗ್ಗಿಸಿ ಹೊಸ ಫ್ಲೈವೀಲಿನ ಮೇಲೆ ಇಳಿಸಬೇಕು. ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಗಳಿಗೆ ಇದೇ. ಬಳೆಯ ಒಂದು ಕಡೆ ಸ್ಯಾಂಡ್‌ಪೇಪರಿನಿಂದ ಉಜ್ಜಿ ಹೊಳಪು ಬರಿಸಿ, ಗ್ಯಾಸ್ ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಸುತ್ತ ಆಡಿಸುತ್ತಾ ಹೋದೆವು. ಉಜ್ಜಿದ ಜಾಗಕ್ಕೆ ತೆಳು ಹುಲ್ಲಿನ ಹಳದಿ ಬಂದಾಗ ಶಾಖ 200 ಡಿಗ್ರಿ ದಾಟಿರುತ್ತದೆ, ಅಷ್ಟು ಸಾಕು. ನೀಲಿಗೆ ತಿರುಗಿದರೆ ಹಲ್ಲಿನ ಗಡಸುತನ ಹೋಯಿತೆಂದೇ ಅರ್ಥ. ಇಕ್ಕಳದಲ್ಲಿ ಹಿಡಿದು ಇಟ್ಟ ಕೂಡಲೇ ಬಳೆ ತಾನಾಗಿ ಜಾರಿ ಕುಳಿತುಕೊಂಡಿತು, ಸುತ್ತಿಗೆ ಮುಟ್ಟಲಿಲ್ಲ. ಹಲ್ಲಿನ ಇಳಿಜಾರು ಬದಿ ಸ್ಟಾರ್ಟರ್ ಮೋಟಾರಿನ ಸಣ್ಣ ಹಲ್ಲುಗಾಲಿ (ಪಿನಿಯನ್) ಬರುವ ಕಡೆಗಿದೆಯೇ ಎಂದು ನೋಡಿಯೇ ಕಾಯಿಸಲು ತೊಡಗಬೇಕು. ತಣ್ಣಗಾದ ಮೇಲೆ ಅದು ಯಾರ ಮಾತನ್ನೂ ಕೇಳುವುದಿಲ್ಲ. ಬ್ಯಾಲೆನ್ಸಿಂಗ್‌ಗೆ ಫ್ಲೈವೀಲನ್ನೂ ಕ್ಲಚ್ ಪ್ಲೇಟನ್ನು ಅದಕ್ಕೆ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟನ್ನೂ ಜೋಡಿಸಿಯೇ ಬೆಂಗಳೂರಿಗೆ ಕಳಿಸಿದೆ. ಬಿಚ್ಚುವ ಮೊದಲು ಎರಡರ ಮೇಲೂ ಪಂಚ್ ಗುರುತು ಹೊಡೆದು ಮತ್ತೆ ಅದೇ ಜಾಗಕ್ಕೆ ಜೋಡಿಸಬೇಕು, ಇಲ್ಲದಿದ್ದರೆ ಮಾಡಿಸಿದ್ದು ವ್ಯರ್ಥ.

ಗೇರ್‌ಬಾಕ್ಸ್ ಇಳಿಸುವುದು ಎಲ್ಲರಿಗೂ ಗೊತ್ತಿರುವ ಕೆಲಸ, ಅದನ್ನು ವಿವರಿಸುವುದಿಲ್ಲ. ಇಳಿಸಿದ ಮೇಲೆ ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ತಿರುಗುವ ದಂಡ) ಹಿಂದಿನ ಆಯಿಲ್ ಸೀಲ್, ಪೈಲಟ್ ಬೇರಿಂಗ್, ರಿಲೀಸ್ ಬೇರಿಂಗ್ ಈ ಮೂರನ್ನೂ ಕಣ್ಣು ಮುಚ್ಚಿ ಬದಲಿಸಿ. ಕ್ರ್ಯಾಂಕಿನ ಮುಖದ ಮೇಲೆ ಒಂದು ಕಣ ಧೂಳು ಉಳಿದರೂ ಫ್ಲೈವೀಲ್ ಓರೆಯಾಗಿ ಕೂರುತ್ತದೆ. ಬೋಲ್ಟುಗಳು ಹೊಸವೇ ಇರಲಿ. ಥ್ರೆಡ್ ಲಾಕರ್ ಹಚ್ಚಿ, ಎದುರುಬದುರಾಗಿ, ಟಾರ್ಕ್ ರೆಂಚಿನಿಂದಲೇ ಬಿಗಿ ಮಾಡಬೇಕು. ಬಳಿಕ ಡಯಲ್ ಗೇಜ್ ಇಟ್ಟು ಫ್ಲೈವೀಲ್ ಮುಖದ ಓಲಾಟ ನೋಡಿದೆ. ನೋಡುವಾಗ ಕ್ರ್ಯಾಂಕನ್ನು ಒಂದೇ ಬದಿಗೆ ಒತ್ತಿ ಹಿಡಿದು ತಿರುಗಿಸಬೇಕು, ಬಿಟ್ಟರೆ ಕ್ರ್ಯಾಂಕಿನ ಹಿಂದುಮುಂದಿನ ಸಡಿಲವೂ ಮುಳ್ಳಿನಲ್ಲಿ ಸೇರಿಕೊಂಡು ಸುಳ್ಳು ಲೆಕ್ಕ ಕೊಡುತ್ತದೆ. ಮುಳ್ಳು 0.05 ಮಿ.ಮೀ. ಒಳಗೇ ನಿಂತಿತು.

ಕ್ಲಚ್ ಪ್ಲೇಟಿನ ತೂಕದ ಬಗ್ಗೆ ಯಾರೂ ಅಷ್ಟಾಗಿ ಮಾತನಾಡುವುದಿಲ್ಲ. ಫ್ಲೈವೀಲ್ ಎಂಜಿನ್ನಿಗೆ ಸೇರಿದ್ದು, ಕ್ಲಚ್ ಪ್ಲೇಟ್ ಗೇರ್‌ಬಾಕ್ಸಿಗೆ ಸೇರಿದ್ದು. ಪೆಡಲ್ ಒತ್ತಿದ ಮೇಲೂ ಪ್ಲೇಟ್ ಇನ್‌ಪುಟ್ ಶಾಫ್ಟಿನ ಜೊತೆ ತಿರುಗುತ್ತಲೇ ಇರುತ್ತದೆ, ಅದರ ವೇಗವನ್ನು ಹೊಂದಿಸುವ ಹೊರೆ ಬೀಳುವುದು ಗೇರ್‌ಬಾಕ್ಸಿನೊಳಗಿನ ಸಿಂಕ್ರೊ ಬಳೆಗಳ ಮೇಲೆ. ಅಲ್ಲಿ ಕೆಲವು ನೂರು ಗ್ರಾಂ ಉಳಿಸಿದರೂ ಗೇರ್ ಬೆಣ್ಣೆಯಂತೆ ಬೀಳುತ್ತದೆ. ನಾನು ಹಾಕಿದ್ದು ಆರು ದಳದ ಸೆರಾಮೆಟಾಲಿಕ್ (ಲೋಹ ಮತ್ತು ಸೆರಾಮಿಕ್ ಬೆರೆಸಿದ) ಪ್ಲೇಟ್, ಆದರೆ ನಡುವೆ ಸ್ಪ್ರಿಂಗ್ ಇರುವಂಥದ್ದು. ಸ್ಪ್ರಿಂಗ್ ಇಲ್ಲದ್ದು ಇನ್ನೂ ಹಗುರ, ಆದರೆ ಪ್ರತಿ ಹೊಡೆತವೂ ನೇರವಾಗಿ ಗೇರ್‌ಬಾಕ್ಸಿಗೆ ಹೋಗುತ್ತದೆ. ಹಳೆಯ ಗೇರ್‌ಬಾಕ್ಸಿಗೆ ಆ ಶಿಕ್ಷೆ ಬೇಡ ಎನಿಸಿತು.

ನಮ್ಮ ಕಡೆಯ ಧೂಳು ಬರೀ ಮಣ್ಣಲ್ಲ. ಸಂಡೂರು ಕಡೆಯಿಂದ ಬರುವ ಅದಿರು ಹೆಮಟೈಟ್. ಲೋಹಕ್ಕೆ ಹೊಳಪು ಕೊಡುವ ಕೆಂಪು ಪುಡಿಯೂ ಅದೇ ಕಬ್ಬಿಣದ ಆಕ್ಸೈಡ್. ಬೆಲ್ ಹೌಸಿಂಗಿನೊಳಗೆ ಅದು ಸೇರಿದರೆ ಕ್ಲಚ್ಚನ್ನು ಸದ್ದಿಲ್ಲದೆ ಅರೆಯುತ್ತದೆ. ರಿಲೀಸ್ ಫೋರ್ಕಿನ ರಬ್ಬರ್ ಬೂಟ್ ಹೊಸದು ಹಾಕಿ, ಕೆಳಗಿನ ತಗಡು ಮುಚ್ಚಳವನ್ನು ಮರೆಯದೆ ಕೂರಿಸಿದೆ. ಇನ್‌ಪುಟ್ ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ಹಚ್ಚಿ ಒರೆಸಿಬಿಡಬೇಕು. ಹೆಚ್ಚಾದ ಗ್ರೀಸ್ ಧೂಳಿನೊಂದಿಗೆ ಬೆರೆತು ಸಾಣೆಯ ಲೇಪವಾಗುತ್ತದೆ.

ಈಗ ಐಡ್ಲಿಂಗ್ 1,100 ಸುತ್ತಿಗಿಂತ ಕೆಳಗೆ ನಿಲ್ಲುವುದಿಲ್ಲ, ಇಳಿಸಿದರೆ ಎಂಜಿನ್ ಕೆಮ್ಮುತ್ತದೆ. ಆಕ್ಸಿಲರೇಟರ್ ಬಿಟ್ಟೊಡನೆ ಸುತ್ತು ಬೀಳುವುದರಿಂದ ಗೇರ್ ಬದಲಿಸುವ ಕೈ ಚುರುಕಾಗಬೇಕು. ತಿರುವಿಗೆ ಮುನ್ನ ಗೇರ್ ಇಳಿಸುವಾಗ ಕಾಲಿನ ಒಂದು ಸಣ್ಣ ತಟ್ಟಿಗೇ ಎಂಜಿನ್ ಎದ್ದು ನಿಲ್ಲುತ್ತದೆ, ಲಾಭ ಎದ್ದು ಕಾಣುವುದು ಅಲ್ಲಿಯೇ. ಹೊರಡುವಾಗ ಮಾತ್ರ ಹಳೆಯ ಭಾರದ ಆಸರೆ ಇಲ್ಲ, ಸುತ್ತು ಸಾಲದೆ ಕ್ಲಚ್ ಬಿಟ್ಟರೆ ಕಾರು ಮುಗ್ಗರಿಸುತ್ತದೆ. ಗಡಿಗಿ ಚೆನ್ನಪ್ಪ ವೃತ್ತದ ಸಂಜೆಯ ದಟ್ಟಣೆಯಲ್ಲಿ ಈ ಕ್ಲಚ್ ಓಡಿಸುವುದು ಪ್ರಾಯಶ್ಚಿತ್ತಕ್ಕೆ ಸಮ. ನಾನಂತೂ ಕಾರನ್ನು ಲಾರಿಯ ಮೇಲೆ ಹೇರಿಯೇ ಟ್ರ್ಯಾಕಿಗೆ ಒಯ್ಯುತ್ತೇನೆ, ಪ್ರತಿ ಓಟದ ನಂತರ ಕೇಬಲಿನ ಸಡಿಲ ನೋಡಿ ಹೊಂದಿಸುತ್ತೇನೆ.