ಬೆಳ್ಳಿ ಬಟ್ಟಲು ಕಪ್ಪಾದರೆ ಉಜ್ಜಬೇಡಿ

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದಾಗ ಬೆಳ್ಳಿ ಸಾಮಾನು ಬೀರುವಿನಿಂದ ಹೊರಗೆ ಬರುತ್ತದೆ, ಕಪ್ಪಾಗಿ. ನಮ್ಮತ್ತೆ ವಿಭೂತಿ ಹಾಕಿ ಉಜ್ಜುತ್ತಿದ್ದರು, ಆಮೇಲೆ ನಾನು ಹಲ್ಲುಪುಡಿ ಹಾಕಿ ಉಜ್ಜಿದೆ. ಅವರ ಕುಂಕುಮದ ಬಟ್ಟಲಿನ ಸುತ್ತ ಒಂದು ಬಳ್ಳಿ ಇತ್ತು. ಈಗ ಬೆರಳಾಡಿಸಿದರೂ ಸಿಗುವುದಿಲ್ಲ.

ಆ ಕಪ್ಪು ಕೊಳೆ ಅಲ್ಲ, ಅದರೊಳಗೆ ಬೆಳ್ಳಿಯೇ ಇರುತ್ತದೆ. ಗಾಳಿಯಲ್ಲಿರುವ ಗಂಧಕದ ಅಂಶ ತಗುಲಿದಾಗ ಬೆಳ್ಳಿಯ ಪರಮಾಣು ಒಂದು ಎಲೆಕ್ಟ್ರಾನ್ ಕಳೆದುಕೊಂಡು ಗಂಧಕದ ಜೊತೆ ಸೇರುತ್ತದೆ. ಉಜ್ಜಿದರೆ ಆ ಬೆಳ್ಳಿಯೂ ಬಚ್ಚಲು ಸೇರುತ್ತದೆ. ಹೋದ ಎಲೆಕ್ಟ್ರಾನನ್ನು ವಾಪಸ್ ಕೊಟ್ಟರೆ? ಅಲ್ಲೇ ಮತ್ತೆ ಬೆಳ್ಳಿಯಾಗುತ್ತದೆ.

ಕೊಡುವುದಕ್ಕೆ ಅಲ್ಯೂಮಿನಿಯಂ ಇದೆ. ಅದರ ಒಂದು ಪರಮಾಣು ಮೂರು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಮೂರು ಬೆಳ್ಳಿಗೆ ಸಾಕು. ಅಗಲವಾದ ಗಾಜಿನ ಅಥವಾ ಪಿಂಗಾಣಿ ಪಾತ್ರೆಗೆ ಅಡುಗೆಮನೆಯ ಫಾಯಿಲ್ ಹಾಸಿ. ಒಂದು ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು. ಬೆಳ್ಳಿ ಫಾಯಿಲ್‌ಗೆ ತಾಗಿಕೊಂಡೇ ಇರಬೇಕು, ನೀರಲ್ಲಿ ಸುಮ್ನೆ ಮುಳುಗಿದ್ದರೆ ಆಗುವುದಿಲ್ಲ. ಸ್ವಲ್ಪ ಹೊತ್ತಿಗೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಗಾಬರಿ ಬೇಡ, ಗಂಧಕ ಬಿಟ್ಟು ಹೋಗುತ್ತಿದೆ ಅಷ್ಟೆ. ಕಿಟಕಿ ತೆಗೆದಿಡಿ. ಐದು ನಿಮಿಷ ಬಿಟ್ಟು ತೆಗೆದು ತೊಳೆದು ಒರೆಸಿ. ಫಾಯಿಲ್ ಮಂಕಾಗಿರುತ್ತದೆ. ಕಪ್ಪು ಜಾಸ್ತಿ ಇದ್ದರೆ ಹೊಸ ಫಾಯಿಲ್ ಹಾಕಿ ಇನ್ನೊಂದು ಸಲ ಮಾಡಿ.

ಹರಳು ಕೂರಿಸಿದ್ದು, ಅರಗು ತುಂಬಿದ್ದು ಹಾಕಬೇಡಿ. ಬೇಕೆಂದೇ ಕಪ್ಪು ಮಾಡಿದ ಒಡವೆಯನ್ನಂತೂ ಬೇಡವೇ ಬೇಡ. ನನ್ನ ಸೊಸೆಯ ಜುಮುಕಿ ನನ್ನ ಕೈಯಲ್ಲಿ ಬೋಳು ಬೆಳ್ಳಗಾಗಿ, ಎರಡು ದಿನ ಮಾತಿಲ್ಲ!

ಒಂದು ಸಲ ಇಂಥದೇ ಹೊಸ ಫಾಯಿಲನ್ನು ಸ್ಟೀಲ್ ಪಾತ್ರೆಯ ಬಿಸಿಬೇಳೆ ಭಾತಿನ ಮೇಲೆ ಒತ್ತಿ ಮುಚ್ಚಿ ಫ್ರಿಜ್‌ನಲ್ಲಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಅನ್ನ ತಾಗಿದ ಕಡೆಯೆಲ್ಲ ಸೂಜಿ ಚುಚ್ಚಿದಂತೆ ತೂತು. ಉಪ್ಪು, ಹುಣಸೆಹುಳಿ, ಪಕ್ಕದಲ್ಲಿ ಸ್ಟೀಲು, ಅಲ್ಯೂಮಿನಿಯಂ ಎಲೆಕ್ಟ್ರಾನ್ ಬಿಟ್ಟು ಅನ್ನದೊಳಗೆ ಕರಗಿತ್ತು. ಆವತ್ತಿನಿಂದ ತಟ್ಟೆಯನ್ನೇ ಮುಚ್ಚುತ್ತೇನೆ.

ಕಬ್ಬಿಣದ ಕಾವಲಿ ತುಕ್ಕು ಹಿಡಿಯುವ ಕಥೆಯೂ ಹೀಗೇ. ಅಲ್ಲಿ ಎಲೆಕ್ಟ್ರಾನ್ ಕಿತ್ತುಕೊಳ್ಳುವುದು ಗಾಳಿಯ ಆಮ್ಲಜನಕ, ಅದಕ್ಕೆ ನೀರಿನ ಪಸೆ ಬೇಕು, ಉಪ್ಪಿದ್ದರೆ ಇನ್ನೂ ಬೇಗ. ತೊಳೆದ ಮೇಲೆ ಒಲೆಯ ಮೇಲಿಟ್ಟು ಒಣಗಿಸಿ, ಬೆಚ್ಚಗಿರುವಾಗಲೇ ಎಣ್ಣೆ ಸವರಿ ಎತ್ತಿಡಿ.

ಹಿತ್ತಲಿನ ತಗಡಿನ ಬಕೆಟ್ಟಿಗೆ ಮಾತ್ರ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಅದರ ಮೇಲಿರುವುದು ಸತು. ಕಬ್ಬಿಣಕ್ಕಿಂತ ಮೊದಲು ತಾನೇ ಎಲೆಕ್ಟ್ರಾನ್ ಕೊಟ್ಟು ಸವೆಯುತ್ತದೆ, ಗೀರು ಬಿದ್ದರೂ ಒಳಗಿನ ಕಬ್ಬಿಣವನ್ನು ಕಾಯುತ್ತದೆ. ಹುಳಿ ಹಾಕಿ ಆ ಸತುವನ್ನೇ ತೆಗೆದರೆ ಮಳೆಗಾಲ ಮುಗಿಯುವ ಹೊತ್ತಿಗೆ ತಳ ಕೆಂಪಾಗಿರುತ್ತದೆ.