ಒಂದೇ ಬಗೆಯ ಮುಂಗಾಲು, ಬೇರೆ ಬೇರೆ ಬಾಯಿ: ನನ್ನ ಅನುಭವ

ಪೊದೆಯಲ್ಲಿ ಬದುಕುವ ಸೂರ್ಯನ ಕುದುರೆಯನ್ನೂ ಕೊಳದಲ್ಲಿ ಬದುಕುವ ರಾನಾಟ್ರಾ ಎಂಬ ಕೀಟವನ್ನೂ ಅಕ್ಕಪಕ್ಕದ ಗಾಜಿನ ಪೆಟ್ಟಿಗೆಗಳಲ್ಲಿ ಸಾಕಿ ಹೋಲಿಸಲು ಹೊರಟಾಗ, ಇವು ಹತ್ತಿರದ ನೆಂಟರೆಂದೇ ನಾನು ನಂಬಿದ್ದೆ. ಅವುಗಳ ವೈಜ್ಞಾನಿಕ ಹೆಸರು ಕ್ರಮವಾಗಿ ಮ್ಯಾಂಟಿಸ್ ರಿಲಿಜಿಯೋಸಾ, ರಾನಾಟ್ರಾ ಲಿನಿಯಾರಿಸ್: ಎರಡೂ ಪ್ರಭೇದಗಳನ್ನು 1758ರಲ್ಲಿ ಮೊದಲು ಹೆಸರಿಸಿದವನು ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್. ಎರಡಕ್ಕೂ ನೀಳವಾದ ಮೈ, ಮಡಚಿಟ್ಟ ಮುಂಗಾಲು, ಅಲುಗಾಡದೆ ಹೊಂಚು ಹಾಕುವ ತಾಳ್ಮೆ. ನೀರಿನದನ್ನು ಟಿಪ್ಪಣಿಯಲ್ಲಿ ‘ನೀರುಕಡ್ಡಿ’ ಎಂದು ಬರೆದುಕೊಂಡೆ.

ಮೊದಲ ದಿನವೇ ತಪ್ಪು ಮಾಡಿದೆ. ನೀರಿನ ಹುಳವಲ್ಲವೇ ಎಂದು ಪೆಟ್ಟಿಗೆಯ ತುಂಬ ನೀರು ಹಾಕಿ, ಹಿಡಿದುಕೊಳ್ಳಲು ಒಂದು ದಂಟನ್ನೂ ಇಡಲಿಲ್ಲ. ನುಣುಪು ಗಾಜಿನ ಮೇಲೆ ಕಾಲೂರಲಾಗದೆ ಅದು ಒದ್ದಾಡಿತು. ನೀರುಕಡ್ಡಿ ಒಳ್ಳೆಯ ಈಜುಗಾರನಲ್ಲ, ಉಸಿರಾಡುವುದೂ ಗಾಳಿಯನ್ನೇ. ಬಾಲದಂತೆ ಕಾಣುವ ಎರಡು ಉದ್ದನೆಯ ಎಳೆಗಳು ಕೂಡಿ ಕೊಳವೆಯಾಗುತ್ತವೆ. ಅದರ ತುದಿಯನ್ನು ನೀರಿನ ಮೇಲ್ಮೈಗೆ ತಾಗಿಸಿ, ತಲೆ ಕೆಳಗಾಗಿ, ಜಲಸಸ್ಯವನ್ನು ಹಿಡಿದು ಅದು ಬೇಟೆಗೆ ಕಾಯುತ್ತದೆ. ಕೂಡಲೇ ನೀರು ಇಳಿಸಿ ಸಸ್ಯದ ದಂಟುಗಳನ್ನು ನೆಟ್ಟೆ. ಅದು ಒಂದನ್ನು ತಬ್ಬಿ ಸ್ತಬ್ಧವಾದಾಗ ನನ್ನ ಎದೆಬಡಿತವೂ ಹತೋಟಿಗೆ ಬಂತು. ಸೂರ್ಯನ ಕುದುರೆಗೆ ಈ ಪಾಡಿಲ್ಲ. ಅದರ ಉಸಿರಿನ ರಂಧ್ರಗಳು ಮೈಯ ಎರಡೂ ಬದಿಯಲ್ಲಿ ನೇರವಾಗಿ ಗಾಳಿಗೆ ತೆರೆದಿರುತ್ತವೆ.

ನಂಟಿನ ನಂಬಿಕೆ ಮುರಿದದ್ದು ಅವು ತಿನ್ನುವುದನ್ನು ನೋಡಿದಾಗ. ಸೂರ್ಯನ ಕುದುರೆ ನೊಣವನ್ನು ಮುಂಗಾಲಿನ ಮುಳ್ಳುಗಳ ನಡುವೆ ಇರುಕಿಸಿ, ದವಡೆಯಿಂದ ತುಂಡು ತುಂಡಾಗಿ ಅಗಿದು ತಿಂದಿತು. ನೀರುಕಡ್ಡಿ ಸೊಳ್ಳೆಯ ಮರಿಹುಳವನ್ನು ಅದೇ ಭಂಗಿಯಲ್ಲಿ ಹಿಡಿಯಿತು, ಆದರೆ ಅಗಿಯಲಿಲ್ಲ. ಚೂಪಾದ ಕೊಕ್ಕನ್ನು ಚುಚ್ಚಿ ರಸ ಹೀರಿ, ಬರಿದಾದ ಸಿಪ್ಪೆಯನ್ನು ಬಿಟ್ಟಿತು. ಆ ಕೊಕ್ಕು ತಿಗಣೆಗಳ ಗಣದ ಗುರುತು. ಸೂರ್ಯನ ಕುದುರೆಯ ಬಳಗವೆಂದರೆ ಜಿರಳೆ, ಗೆದ್ದಲು. ಮುಂಗಾಲು ತೋರಿಸುತ್ತಿದ್ದುದು ಕಸುಬನ್ನು, ಬಾಯಿ ತೋರಿಸಿದ್ದು ಕುಲವನ್ನು.

ಆಮೇಲೆ ಮುಂಗಾಲನ್ನೇ ಮಸೂರದಡಿ ಮತ್ತೆ ನೋಡಿದೆ. ಸೂರ್ಯನ ಕುದುರೆಯ ತೊಡೆಯ ಉದ್ದಕ್ಕೂ ಮುಳ್ಳುಗಳ ಸಾಲು. ನೀರುಕಡ್ಡಿಯ ತೊಡೆಯಲ್ಲಿ ಎದ್ದು ಕಾಣುವುದು ಒಂದೇ ಹಲ್ಲು. ಮೀಸೆಗಳಂತೂ ಇನ್ನೂ ಸ್ಪಷ್ಟ: ಸೂರ್ಯನ ಕುದುರೆಯವು ನೂಲಿನಂತೆ ಮುಂದೆ ಚಾಚಿವೆ, ನೀರುಕಡ್ಡಿಯವು ತಲೆಯ ಕೆಳಗೆ ಅಡಗಿವೆ. ಮೊದಲ ವಾರವಿಡೀ ನೀರುಕಡ್ಡಿಯ ಮೀಸೆಗಳು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಸೂರ್ಯನ ಕುದುರೆ ಕಡ್ಡಿಯೊಂದಕ್ಕೆ ನೊರೆ ಮೆತ್ತಿ ಅದರೊಳಗೆ ಮೊಟ್ಟೆಯಿಟ್ಟಿತು; ನೊರೆ ಗಾಳಿಗೆ ಗಟ್ಟಿಯಾಗಿ ಗೂಡಾಯಿತು. ನೀರುಕಡ್ಡಿಯ ಮೊಟ್ಟೆಗಾಗಿ ಎಷ್ಟೋ ಹುಡುಕಿದೆ. ಕೊನೆಗೆ ನಾನು ನೆಟ್ಟಿದ್ದ ದಂಟುಗಳಲ್ಲೇ ಕೂದಲಿನಂಥ ಎಳೆಗಳು ಎರಡೆರಡಾಗಿ ಹೊರಚಾಚಿರುವುದು ಕಂಡಿತು. ಮೊಟ್ಟೆಗಳು ದಂಟಿನೊಳಗಿದ್ದವು, ಎಳೆಗಳು ಅವುಗಳ ಉಸಿರಿಗಾಗಿ.