ಮಡಿಕೇರಿಯಲ್ಲಿ ಹಳೇ ಫ್ಲಾಟ್ ರಿಪೇರಿ: ಮೊದಲು ನೀರು, ಆಮೇಲೆ ಬಣ್ಣ

ಮಡಿಕೇರಿಯಲ್ಲಿ ಫ್ಲಾಟ್ ನೋಡೋಕೆ ಬರುವವರು ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತಾರೆ. ಬಿಸಿಲು ಚೆನ್ನಾಗಿರುತ್ತದೆ, ಗೋಡೆ ಒಣಗಿರುತ್ತದೆ, ಬಾಲ್ಕನಿಯಲ್ಲಿ ನಿಂತರೆ ಬೆಟ್ಟದ ಸಾಲು ಕಾಣುತ್ತದೆ. ಮನೆ ಹೇಗಿದೆ ಅಂತ ನಿಜವಾಗಿ ಗೊತ್ತಾಗೋದು ಜುಲೈನಲ್ಲಿ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ಇದು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಬೆಂಗಳೂರಿನಲ್ಲಿ ಫ್ಲಾಟ್ ರಿನೋವೇಶನ್ ಅಂದರೆ ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗ್, ಲೈಟು. ಇಲ್ಲಿ ಅದಕ್ಕೆಲ್ಲ ಮುಂಚೆ ಕೇಳಬೇಕಾದದ್ದು ಒಂದೇ. ನೀರು ಎಲ್ಲಿಂದ ಬರ್ತಿದೆ?

ನಮ್ಮದು ಎರಡನೇ ಮಹಡಿಯ ಹಳೇ ಫ್ಲಾಟು, ಎರಡು ಬೆಡ್‌ರೂಮ್. ತೋಟದ ಮನೆಯಲ್ಲಿ ಅಮ್ಮ ಒಬ್ಬರೇ ಇರೋದು ಕಷ್ಟವಾಗಿತ್ತು. ಆಸ್ಪತ್ರೆ, ಬಸ್‌ಸ್ಟ್ಯಾಂಡ್ ಹತ್ತಿರ ಇರಲಿ ಅಂತ ಇದನ್ನು ತಗೊಂಡೆವು. ಕೈಗೆ ಬೀಗದ ಕೈ ಬಂದ ತಕ್ಷಣ ಒಡೆಯೋಕೆ ಶುರು ಮಾಡಲಿಲ್ಲ. ಬೇಕಂತಲೇ ಒಂದು ಮಳೆಗಾಲ ಪೂರ್ತಿ ಅದು ಇದ್ದ ಹಾಗೆಯೇ ಅಲ್ಲಿದ್ದೆವು. ಗೋಡೆಯಲ್ಲಿ ಶೀತ ಏರಿದ ಕಡೆಯೆಲ್ಲ ಅದರ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯುತ್ತಿದ್ದೆ. ಮನೆಗೆ ಬಂದವರು ನೋಡಿ ನಗುತ್ತಿದ್ದರು. "ಮಗುವಿನ ಎತ್ತರ ಅಳೆದ ಹಾಗಿದೆ" ಅಂತ ಅಮ್ಮನೂ ಸೇರಿಕೊಳ್ಳುತ್ತಿದ್ದರು.

ಆ ಗೆರೆಗಳು ಮಾತ್ರ ಕೆಲಸ ಮಾಡಿದವು. ಬಾತ್‌ರೂಮಿನ ಹೊರಗೋಡೆಯ ಬುಡ ಮಳೆ ನಿಂತರೂ ಒದ್ದೆ, ಬಂದರೂ ಒದ್ದೆ. ಅಂದರೆ ಅದು ಮಳೆ ನೀರಲ್ಲ, ಒಳಗಿನ ಪೈಪಿನದ್ದು. ಹಾಲಿನ ಕಿಟಕಿ ಕೆಳಗಿನ ಗೆರೆ ಗಾಳಿಮಳೆ ಹೊಡೆದ ದಿನ ಮಾತ್ರ ಮೇಲೇರುತ್ತಿತ್ತು. ಅದು ಹೊರಗಿನಿಂದ ಬರುವ ನೀರು. ಬೆಡ್‌ರೂಮಿನಲ್ಲಿ ಬೀರು ಹಿಂದೆ ಕಪ್ಪು ಚುಕ್ಕೆ ಚುಕ್ಕೆ ಬೂಷ್ಟು. ಅಲ್ಲಿ ಗಾರೆ ಗಟ್ಟಿಯಾಗೇ ಇತ್ತು, ನೀರು ಹರಿದ ಗುರುತಿಲ್ಲ. ಗಾಳಿ ಆಡದೆ, ತಣ್ಣಗಿನ ಗೋಡೆಗೆ ಮನೆಯೊಳಗಿನ ತೇವ ಕೂತು ಆದದ್ದು ಅದು. ನೋಡೋಕೆ ಮೂರೂ ಒಂದೇ ತರಹದ ಕಲೆ. ಮದ್ದು ಮಾತ್ರ ಮೂರಕ್ಕೂ ಬೇರೆ ಬೇರೆ. ಪೇಂಟ್ ಅಂಗಡಿಗೆ ಹೋಗಿದ್ದರೆ ಮೂರಕ್ಕೂ ಒಂದೇ ವಾಟರ್‌ಪ್ರೂಫ್ ಡಬ್ಬ ಕೊಟ್ಟು ಕಳಿಸುತ್ತಿದ್ದರು. ಒಳಗಿನಿಂದ ಎಷ್ಟು ಕೋಟ್ ಬಳಿದರೂ ನೀರು ಹಿಂದಿನಿಂದ ನೂಕುತ್ತಿದ್ದರೆ ಬಣ್ಣ ಹಪ್ಪಳದ ಹಾಗೆ ಉಬ್ಬಿ ಬೀಳೋದೇ.

ಇನ್ನು ಕೆಲಸದ ಕಾಲ. ಹೊರಗಿನ ಗಾರೆ ಕೆಲಸ ಮಳೆ ಬಿಟ್ಟ ಮೇಲೇ. ಸೆಪ್ಟೆಂಬರ್ ಶುರುವಿಗೆ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್, ಆಮೇಲೆ ದಸರಾ, ಅಕ್ಟೋಬರ್ ಮಧ್ಯದಲ್ಲಿ ಕಾವೇರಿ ಸಂಕ್ರಮಣ. ಅಷ್ಟರಲ್ಲಿ ಅಲ್ಪಸ್ವಲ್ಪ ಬಿಸಿಲು ಬಂದಿರುತ್ತದೆ. ಸುಗ್ಗಿ ಹಬ್ಬ ಪುತ್ತರಿ ಮುಗಿದು ಕಾಫಿ ಕುಯ್ಲು ಜೋರಾದರೆ ಹೆಲ್ಪರುಗಳು ಸಿಗೋದಿಲ್ಲ. ಕೆ.ಜಿ. ಲೆಕ್ಕದಲ್ಲಿ ದುಡ್ಡು ಬರುವಾಗ ಸಿಮೆಂಟ್ ಬಾಂಡ್ಲಿ ಹೊರೋಕೆ ಯಾರು ಬರ್ತಾರೆ? ಶುಕ್ರವಾರ ಸಂತೆ, ಮಧ್ಯಾಹ್ನದ ಮೇಲೆ ಅರ್ಧ ಜನ ಮಾಯ. ಇದನ್ನೆಲ್ಲ ಮೊದಲೇ ಲೆಕ್ಕ ಹಾಕಿದ್ದರಿಂದ ಕೋಪ ಮಾಡಿಕೊಳ್ಳೋದು ತಪ್ಪಿತು.

ಆದರೂ ಮೊದಲ ಏಟು ಬಿದ್ದದ್ದು ಬೇರೆ ಕಡೆಯಿಂದ. ಒಬ್ಬ ಕಾಂಟ್ರಾಕ್ಟರ್ ಪೂರ್ತಿ ಕೆಲಸ ಒಪ್ಪಿಕೊಂಡು, ಅಡ್ವಾನ್ಸ್ ತಗೊಂಡು, ಬಾತ್‌ರೂಮಿನ ಹಳೇ ಟೈಲ್ಸ್ ಕಿತ್ತು ಹಾಕಿ, ದೊಡ್ಡದೊಂದು ಹೋಂಸ್ಟೇ ಕೆಲಸ ಸಿಕ್ಕಿದ್ದೇ ತಡ ಆ ಕಡೆ ಹೊರಟುಹೋದ. ಫೋನ್ ಮಾಡಿದರೆ "ನಾಳೆ ಬರ್ತೀನಿ". ಕಿತ್ತ ಬಾತ್‌ರೂಮ್ ಇಟ್ಟುಕೊಂಡು ನಾಳೆಗೆ ಕಾಯೋದು ಎಂಥ ಹಿಂಸೆ ಅಂತ ಅನುಭವಿಸಿದವರಿಗೇ ಗೊತ್ತು. ಕೊನೆಗೆ ಸುಳ್ಯ ಕಡೆಯ ಒಬ್ಬ ಮೇಸ್ತ್ರಿಯನ್ನು ನೆಂಟರೊಬ್ಬರು ಕಳಿಸಿಕೊಟ್ಟರು. ಅವರಿಗೆ ಕೆಲಸ ಕೆಲಸಕ್ಕೆ ಬೇರೆ ಬೇರೆ ರೇಟು ಮಾತಾಡಿ, ಒಂದು ಮುಗಿದ ಮೇಲೆ ಅದರ ದುಡ್ಡು ಅಂತ ಮಾಡಿಕೊಂಡೆ. ಮೆಟೀರಿಯಲ್ ನಾನೇ ತಂದೆ. ಓಡಾಟ ಜಾಸ್ತಿ ಆಯಿತು, ನಿದ್ದೆ ಚೆನ್ನಾಗಿ ಬಂತು.

ಬಾತ್‌ರೂಮಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಫ್ಲಾಟುಗಳಲ್ಲಿ ಬಾತ್‌ರೂಮಿನ ಸ್ಲ್ಯಾಬ್ ಉಳಿದ ನೆಲಕ್ಕಿಂತ ಸುಮಾರು ಒಂದಡಿ ಕೆಳಗಿರುತ್ತದೆ. ಸಂಕನ್ ಸ್ಲ್ಯಾಬ್ ಅಂತಾರೆ. ಪೈಪುಗಳೆಲ್ಲ ಆ ಗುಂಡಿಯಲ್ಲಿ ಹಾದು, ಮೇಲೆ ಇಟ್ಟಿಗೆ ಚೂರು ತುಂಬಿ, ಟೈಲ್ಸ್ ಹಾಕಿರುತ್ತಾರೆ. ಟೈಲ್ಸ್ ಸಂದಿಗೆ ತುಂಬಿದ ಗ್ರೌಟ್ ಬಿಟ್ಟ ಕಡೆ ನೀರು ಇಳಿದು ಆ ಇಟ್ಟಿಗೆ ಚೂರಿನಲ್ಲಿ ನಿಂತುಬಿಡುತ್ತದೆ. ನಾವು ಅಗೆದಾಗ ಕೈಗೆ ಸಿಕ್ಕಿದ್ದು ಕೆಸರು. ವರ್ಷಗಟ್ಟಲೆ ನಿಂತ ನೀರಿನ ವಾಸನೆ ಮೆಟ್ಟಿಲವರೆಗೂ ಬಂತು. ಕೆಳಗಿನ ಮನೆಯ ರಿಟೈರ್ಡ್ ಟೀಚರ್ ತಮ್ಮ ಬಾತ್‌ರೂಮಿನಲ್ಲಿ ಬಕೆಟ್ ಇಟ್ಟುಕೊಂಡೇ ಕಾಲ ಕಳೆದಿದ್ದರಂತೆ. ಹಳೇ ಓನರಿಗೆ ಹೇಳಿ ಹೇಳಿ ಸಾಕಾಗಿತ್ತು. ನನ್ನನ್ನು ಕಂಡಾಗ ಮೊದಲ ಮಾತೇ, "ನೀವಾದ್ರೂ ಸರಿ ಮಾಡಿಸ್ತೀರಾ, ಇಲ್ಲ ಬರೀ ಟೈಲ್ಸ್ ಬದಲಾಯಿಸ್ತೀರಾ?"

ಮೇಸ್ತ್ರಿ ಕೆಸರೆಲ್ಲ ತೆಗೆಸಿ, ಸ್ಲ್ಯಾಬ್ ಬರಿದು ಮಾಡಿ, ಒಣಗಲು ಬಿಟ್ಟರು. ಮೂಲೆಗಳನ್ನು ಗಾರೆಯಲ್ಲಿ ಗುಂಡಗೆ ಮಾಡಿದರು, ಚೂಪು ಮೂಲೆಯಲ್ಲೇ ಕೋಟಿಂಗ್ ಬಿರಿಯೋದು ಅಂತ. ಮೇಲೆ ಪಾಲಿಮರ್ ಸಿಮೆಂಟ್ ಕೋಟಿಂಗ್ ಎರಡು ಸಲ. ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಶವರ್ ಇರುವ ಗೋಡೆಗೆ ತಲೆ ಎತ್ತರದವರೆಗೂ ಬಳಿದರು. ಗುಂಡಿಯ ತಳದಲ್ಲೇ ಒಂದು ಸಣ್ಣ ಪೈಪ್ ಕೂಡ ಇಟ್ಟರು. ಮುಂದೆ ಎಂದಾದರೂ ನೀರು ಇಳಿದರೆ ನಿಲ್ಲದೆ ಹೊರಗೆ ಹೋಗಲಿ ಅಂತ. ಅದು ನನಗೆ ಹೊಳೆದಿರಲೇ ಇಲ್ಲ.

ಆಮೇಲೆ ನೀರು ಕಟ್ಟಿ ನಿಲ್ಲಿಸುವ ಪರೀಕ್ಷೆ. ಗುಂಡಿಗೆ ನೀರು ತುಂಬಿ, ಮಟ್ಟಕ್ಕೆ ಗುರುತು ಹಾಕಿ, 48 ಗಂಟೆ ಹಾಗೇ ಬಿಡೋದು. ಕೆಲವರು ಒಂದು ರಾತ್ರಿ ಬಿಟ್ಟು ಸಾಕು ಅಂತಾರೆ, ಒಪ್ಪಬೇಡಿ. ನಮ್ಮಲ್ಲಿ ಮೊದಲ ದಿನ ಏನೂ ಇಲ್ಲ. ಎರಡನೇ ದಿನ ಸಂಜೆ ಟೀಚರ್ ಫೋನ್. ಅವರ ಸೀಲಿಂಗಿನಲ್ಲಿ ಪೈಪ್ ಹಾದುಹೋಗುವ ಜಾಗದ ಸುತ್ತ ಒದ್ದೆ ಉಂಗುರ. ನನ್ನ ಮುಖ ನೋಡಿ ಮೇಸ್ತ್ರಿ, "ಅಕ್ಕ, ಈಗ ಬಿದ್ರೆ ಒಳ್ಳೇದೇ. ಟೈಲ್ಸ್ ಹಾಕಿದ್ಮೇಲೆ ಬಿದ್ದಿದ್ರೆ ಅಳಬೇಕಿತ್ತು" ಅಂದರು. ಪೈಪ್ ಸುತ್ತ ಕೆತ್ತಿ, ಒಣಗಿದರೂ ಕುಗ್ಗದ ಗ್ರೌಟ್ ತುಂಬಿ, ಮತ್ತೆ ಕೋಟಿಂಗ್, ಮತ್ತೆ ನೀರು. ಈ ಸಲ ಗುರುತು ಅಲ್ಲಾಡಲಿಲ್ಲ. ಟೀಚರ್ ಕೆಳಗಿನಿಂದ ಹಲಸಿನ ಚಿಪ್ಸ್ ಕಳಿಸಿದರು.

ಟೈಲ್ಸ್ ಹಾಕುವಾಗ ನೋಡಬೇಕಾದ್ದು ವಾಟ, ಅಂದರೆ ನೀರು ಹರಿಯುವ ಇಳಿಜಾರು. ರಸಮಟ್ಟ ಇಟ್ಟು ನೋಡಿದರೂ ನಾನು ನಂಬಿದ್ದು ಒಂದು ಚೊಂಬು ನೀರನ್ನು. ನಾಲ್ಕೂ ಮೂಲೆಯಲ್ಲಿ ಸುರಿದು ಜಾಲಿ ಕಡೆ ತಾನಾಗಿ ಹೋಗುತ್ತದಾ ನೋಡಿ. ಟೈಲ್ಸ್ ಗಾರೆಗೆ ಕಚ್ಚಿ ಕೂತಿದೆಯಾ ಅಂತ ನಾಣ್ಯದಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಆಗಲೇ ಕೀಳಿಸಿ. ಟೈಲ್ಸ್ ನಾನು ಮೈಸೂರಿನಿಂದ ತಂದೆ. ಸುಮಾರು 120 ಕಿಲೋಮೀಟರ್ ದಾರಿಯಲ್ಲಿ ಕೆಲವು ಒಡೆದಿದ್ದವು. ಅದೇ ಬ್ಯಾಚಿನಲ್ಲಿ ಸ್ವಲ್ಪ ಹೆಚ್ಚಿಗೆ ತಂದಿದ್ದರಿಂದ ಬಚಾವ್. ಬ್ಯಾಚ್ ಬದಲಾದರೆ ಬಣ್ಣದಲ್ಲಿ ಒಂದು ಕೂದಲೆಳೆ ವ್ಯತ್ಯಾಸ ಬಂದೇ ಬರುತ್ತದೆ.

ಹಾಲಿನ ಕಿಟಕಿಯದ್ದು ಚಿಕ್ಕ ಕೆಲಸ, ಲಾಭ ದೊಡ್ಡದು. ಕಿಟಕಿ ಮೇಲಿನ ಸಜ್ಜೆಯ ಅಡಿಭಾಗ ನೋಡಿ. ಅಂಚಿನ ಹತ್ತಿರ ಉದ್ದಕ್ಕೂ ಕೊರೆದ ಬೆರಳಗಲದ ಒಂದು ಗೀರುಗಾಲುವೆ ಇರಬೇಕು. ಇಲ್ಲದಿದ್ದರೆ ಮಳೆ ನೀರು ಸಜ್ಜೆಯ ತುದಿಯಲ್ಲಿ ತೊಟ್ಟಿಕ್ಕುವ ಬದಲು ಅಡಿಯಲ್ಲೇ ಹರಿದು ಗೋಡೆಗೆ ಬಂದು ಸೇರುತ್ತದೆ. ನಮ್ಮದರಲ್ಲಿ ಹಿಂದಿನವರು ಪ್ಲಾಸ್ಟರ್ ಮಾಡಿಸುವಾಗ ಅದನ್ನು ಮುಚ್ಚಿಸಿಬಿಟ್ಟಿದ್ದರು. ಅದನ್ನು ಮತ್ತೆ ಕೆತ್ತಿಸಿ, ಕೆಳಗಿನ ಕಲ್ಲಿಗೆ ಹೊರಗಡೆ ವಾಟ ಕೊಟ್ಟು, ಫ್ರೇಮಿನ ಸುತ್ತ ಸೀಲೆಂಟ್ ತುಂಬಿಸಿದ್ದಷ್ಟೇ.

ಹಾಲಿನ ಇನ್ನೊಂದು ಗೋಡೆಯಲ್ಲಿ ಓರೆ ಬಿರುಕಿತ್ತು. 2018ರ ಆಗಸ್ಟಿನ ಭೂಕುಸಿತ, 2022ರ ಜೂನ್‌ನಲ್ಲಿ ಚೆಂಬು ಕಡೆ ಭೂಮಿ ನಡುಗಿದ್ದು, ಇವೆಲ್ಲ ನೋಡಿದ ಮೇಲೆ ಇಲ್ಲಿ ಬಿರುಕು ಕಂಡರೆ ಎದೆ ಧಸಕ್ ಅನ್ನುತ್ತದೆ. ಇಂಜಿನಿಯರ್ ಒಬ್ಬರನ್ನು ಕರೆಸಿದೆ. ಅವರು ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ಹೋದರು. ಗೋಡೆ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆ. ಮಳೆಗಾಲ ಕಳೆದರೂ ಒಡೆಯಲಿಲ್ಲ, ಬಿರುಕು ಹಳೆಯದು, ಇಟ್ಟಿಗೆ ಗೋಡೆಯದ್ದು, ಪಿಲ್ಲರ್ ಬೀಮಿಗೆ ಸಂಬಂಧ ಇಲ್ಲ ಅಂತಾಯಿತು. ಅಡುಗೆಮನೆ ದೊಡ್ಡದು ಮಾಡೋಕೆ ಗೋಡೆ ತೆಗೆಸುವ ಆಸೆ ನನಗೂ ಇತ್ತು. ಅವರು ಅದರ ಮೇಲೆ ಬೀಮ್ ತೋರಿಸಿ ತಲೆ ಅಲ್ಲಾಡಿಸಿದರು. ಅಲ್ಲಿಗೆ ಬಿಟ್ಟೆ.

ವೈರಿಂಗ್ ಪೂರ್ತಿ ಹೊಸದು. ಲೈಟಿಗೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಸ್ಕ್ವೇರ್ ಎಂಎಂ ವೈರು. ಜತೆಗೆ, ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ. ಹಳೇ ಬೋರ್ಡಿನಲ್ಲಿ ಮೂರನೇ ಪಿನ್ನಿಗೆ ರಂಧ್ರವಿತ್ತು, ಹಿಂದೆ ಅರ್ತ್ ವೈರೇ ಇರಲಿಲ್ಲ! ಗೋಡೆ ಒದ್ದೆಯಾಗುವ ಊರಿನಲ್ಲಿ ಇದರಲ್ಲಿ ಜಿಪುಣತನ ಬೇಡ.

ಬೀರು ವಿಷಯಕ್ಕೆ ಆಚಾರಿ ಜತೆ ಜಗಳವೇ ಆಯಿತು. ಅವರಿಗೆ ಗೋಡೆಗೆ ಒತ್ತಿ ಫಿಟ್ ಮಾಡಿದರೇ ಚಂದ. ನನಗೆ ಹೊರಗೋಡೆಯಿಂದ ಎರಡು ಇಂಚು ಬಿಟ್ಟು, ಹಿಂದೆ ಗಾಳಿ ಆಡಬೇಕು. "ಜಾಗ ಹಾಳು ಅಕ್ಕ" ಅಂದರು. ಕೊನೆಗೆ ಒಳಗಿನ ಗೋಡೆಗೆ ಬೀರು ವರ್ಗವಾಯಿತು, ಬಾಗಿಲಿಗೆ ಗಾಳಿ ಹೋಗುವ ಪಟ್ಟಿಗಳು ಬಂದವು, ಇಬ್ಬರಿಗೂ ಸಮಾಧಾನ. ಅಡುಗೆಮನೆಗೆ ಐಎಸ್ 710 ಗುರುತಿನ, ಅಂದರೆ ತೇವ ತಡೆಯುವ ಮರೈನ್ ಪ್ಲೈವುಡ್. ಕುಯ್ದ ಅಂಚುಗಳನ್ನೆಲ್ಲ ಸೀಲ್ ಮಾಡಿಸಿದೆ. ನೀರು ಕುಡಿಯೋದು ಅಲ್ಲಿಂದಲೇ. ಜಿಪ್ಸಂ ಸೀಲಿಂಗ್ ಬೇಡವೇ ಬೇಡ ಅಂದೆ. ಹಳೇ ಹಲಸಿನ ಬಾಗಿಲುಗಳನ್ನು ಮಾತ್ರ ಉಜ್ಜಿಸಿ, ಎಣ್ಣೆ ಕೊಟ್ಟು ಹಾಗೇ ಉಳಿಸಿಕೊಂಡೆವು. ಅಂಥ ಮರ ಈಗ ಎಲ್ಲಿ ಸಿಗುತ್ತೆ?

ಒಡೆದ ಮಣ್ಣು, ಇಟ್ಟಿಗೆ ಎಲ್ಲಿ ಹಾಕೋದು ಅನ್ನೋದು ಇನ್ನೊಂದು ತಲೆನೋವು. "ಆ ಇಳಿಜಾರಿಗೆ ಸುರಿದುಬಿಡೋಣ, ಯಾರು ನೋಡ್ತಾರೆ" ಅಂತ ಪಿಕಪ್‌ನವನು ಹೇಳಿದ. ಬೆಟ್ಟ ಜಾರಿದ ಊರಿನಲ್ಲಿ ನಿಂತು ಈ ಮಾತು! ಮೂಟೆ ಕಟ್ಟಿಸಿ, ನಗರಸಭೆಯಲ್ಲಿ ವಿಚಾರಿಸಿ, ತೋರಿಸಿದ ಜಾಗಕ್ಕೇ ಸಾಗಿಸಿದೆ. ಸ್ವಲ್ಪ ಇಟ್ಟಿಗೆ ತೋಟದ ದಾರಿಯ ಗುಂಡಿಗೂ ಹೋಯಿತು.

ಬಣ್ಣ ಕೊನೆಗೆ, ಫೆಬ್ರವರಿಯಲ್ಲಿ. ಹೊಸ ಪ್ಲಾಸ್ಟರ್ ಪೂರ್ತಿ ಒಣಗುವವರೆಗೆ ಪೇಂಟರನ್ನು ಒಳಗೆ ಬಿಡಲಿಲ್ಲ. ನೆಂಟರು ಗೃಹಪ್ರವೇಶಕ್ಕೆ ಬಂದು ಮನೆಯೆಲ್ಲ ಸುತ್ತಿ, "ಇಷ್ಟು ದುಡ್ಡು ಎಲ್ಲಿ ಹೋಯ್ತು?" ಅಂತ ಕೇಳಿದರು. ಅರ್ಧಕ್ಕಿಂತ ಜಾಸ್ತಿ ಟೈಲ್ಸ್ ಅಡಿಗೆ, ಗೋಡೆಯ ಒಳಗೆ ಹೋಗಿತ್ತು.

ಮುಂದಿನ ಮಳೆಗಾಲದಲ್ಲಿ ಬಾತ್‌ರೂಮ್ ಗೋಡೆ ಒಣಗೇ ಇತ್ತು, ಹಾಲಿನ ಕಿಟಕಿಯೂ ಗೆದ್ದಿತು. ಬೆಡ್‌ರೂಮಿನ ಒಂದು ಮೂಲೆ ಮಾತ್ರ ಇನ್ನೂ ಕಾಟ ಕೊಡುತ್ತಿದೆ. ಟೆರೇಸಿನಿಂದ ಇಳಿಯುವ ಮಳೆನೀರಿನ ಪೈಪಿನ ಜಾಯಿಂಟ್ ಹೊರಗಡೆ ಅಲ್ಲೇ ಬಿಟ್ಟಿದೆ. ಅದು ಎಲ್ಲರಿಗೂ ಸೇರಿದ್ದು, ಅಸೋಸಿಯೇಷನ್ ಮೀಟಿಂಗಿನಲ್ಲಿ ಇಟ್ಟೆ. ಟೀಚರ್ ನನ್ನ ಪರ ಮಾತಾಡಿದರು, ಮೇಲಿನ ಮನೆಯವರು ದುಡ್ಡಿನ ಲೆಕ್ಕ ಕೇಳಿದರು. ಕೈಲ್‌ಪೊಳ್ದ್ ಆದಮೇಲೆ ಸಾರ್ವೆ ಕಟ್ಟೋದು ಅಂತ ತೀರ್ಮಾನ ಆಗಿದೆ, ಮೇಸ್ತ್ರಿಗೂ ಹೇಳಿಟ್ಟಿದ್ದೇನೆ.